ಅವ್ವನಿಗೂ ನನಗೂ ನಡುವೆ ಒಂದು ‘ಫಾರ್’

‘ಐ ಆ್ಯಮ್ ವೇಟಿಂಗ್ ಮೈ ಮದರ್’ ಎಂದು ಬರೆದದ್ದಕ್ಕೆ ಇಂಗ್ಲಿಷ್ ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು.

ಧಾರವಾಡದ ಸಾಲಿ. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷವಿತ್ತು, ನನಗೆ ಹನ್ನೆರಡು. ಈಗ ತೊಂಬತ್ತೆರಡು, ಫೋನಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ತಪ್ಪಿದ್ದರೆ ಬೆಂಚು ಹತ್ತಿಸಬೇಡಿ, ಮೊಣಕಾಲು ನೋಯುತ್ತದೆ.

ಅವ್ವನಿಗೆ ಕ್ಷಯವಾಗಿತ್ತು. ಮಿರಜಿನ ಕಡೆ ದವಾಖಾನೆಗೆ ಸೇರಿಸಿ ಏಳು ತಿಂಗಳಾಗಿತ್ತು. ‘ಅವ್ವನ್ನ ಕಾಯಾಕತ್ತೇನಿ’ ಅಂತೇವಲ್ಲ, ಅದನ್ನೇ ಇಂಗ್ಲಿಷಿಗೆ ಹಾಕಿದ್ದೆ.

“ವೇಟ್ ಅನ್ನೂದು ಅಕರ್ಮಕ ಐತಿ. ಅದು ನೇರ ಅವ್ವನ ತನಕ ಹೋಗಂಗಿಲ್ಲ. ನಡುವ ‘ಫಾರ್’ ಬೇಕವಾ” ಎಂದರು ಮಾಸ್ತರರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ನಮ್ಮ ಅವ್ವ ರೀ ಆಕಿ. ನಡುವ ಯಾರೂ ಬ್ಯಾಡ್ರಿ” ಎಂದುಬಿಟ್ಟೆ.

ಇಡೀ ವರ್ಗ ನಕ್ಕಿತು. ಮಾಸ್ತರರು ನಗಲಿಲ್ಲ. ಬೆಂಚಿನಿಂದ ಇಳಿಸಿ, ಹತ್ತಿರ ಕೂಡಿಸಿಕೊಂಡು ಹೇಳಿಕೊಟ್ಟರು.

ಕ್ರಿಯಾಪದಕ್ಕೆ ‘ಏನನ್ನ? ಯಾರನ್ನ?’ ಎಂದು ಕೇಳಬೇಕು. ನಡುವೆ ಏನೂ ಇಲ್ಲದೆ ಉತ್ತರ ಬಂದು ಅಂಟಿದರೆ ಅದು ಸಕರ್ಮಕ, ಟ್ರಾನ್ಸಿಟಿವ್. ಫಾರ್, ಆ್ಯಟ್ ಅಂತ ಏನಾದರೂ ಬೇಡಿದರೆ ಅಕರ್ಮಕ, ಇಂಟ್ರಾನ್ಸಿಟಿವ್. ವೇಟ್ ಫಾರ್, ಲುಕ್ ಆ್ಯಟ್…

ಅಂದು ಸಂಜೆ ಅವ್ವನ ತನಕ ನೇರ ಹೋಗುವ ಕ್ರಿಯಾಪದಗಳನ್ನು ಹುಡುಕುತ್ತಾ ಕುಳಿತೆ. ಕಾಲ್ ಸಿಕ್ಕಿತು, ಸೀ ಸಿಕ್ಕಿತು. ಆಮೇಲೆ ಟಚ್. ಅದು ಸಿಕ್ಕಿದ್ದಕ್ಕೆ ಎಷ್ಟು ಖುಷಿಯಾಯಿತು ಅಂದರೆ, ಅವ್ವ ಬಂದಮೇಲೆ ಮೊದಲು ಅದನ್ನೇ ಹೇಳಬೇಕೆಂದುಕೊಂಡೆ.

ದೀಪಾವಳಿಗೆ ಮುಂಚೆ ಅವ್ವ ಬಂದಳು. ‘ಇನ್ನ ಮನಿಗೆ ಕರಕೊಂಡ ಹೋಗ್ರಿ’ ಎಂದು ಡಾಕ್ಟರೇ ಹೇಳಿದ್ದರಂತೆ. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಟಾಂಗಾ ನಿಂತದ್ದೇ ತಡ, ಓಡಿದೆ. ಅಪ್ಪ ಎರಡೂ ಕೈ ಅಡ್ಡ ಹಿಡಿದರು. “ದೂರ ನಿಂದ್ರು. ಆಕೀನ್ನ ಮುಟ್ಟಬಾರದು.”

ಅವ್ವನಿಗೆ ಹೊರಗಿನ ಖೋಲಿ, ಬೇರೆ ತಾಟು, ಬೇರೆ ತಂಬಿಗೆ. ನನಗೆ ಹೊಸ್ತಿಲು.

ಅಪ್ಪ ಹಗ್ಗ ಹೊಸೆದಂತೆ ಹಾಕಿದ್ದ ನನ್ನ ಹೆರಳನ್ನು ಅವ್ವ ಹಾಸಿಗೆಯಿಂದಲೇ ನೋಡುತ್ತಾಳೆ. ಬಿಚ್ಚಿ ಸರಿಯಾಗಿ ಹಾಕಬೇಕೆಂದು ಕೈ ಎತ್ತುತ್ತಾಳೆ, ಮತ್ತೆ ಚಾದರದೊಳಗೆ ಇಟ್ಟುಕೊಳ್ಳುತ್ತಾಳೆ. ಅವಳು ಮಿರಜಿನಲ್ಲಿದ್ದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ.

“ಸಾಲ್ಯಾಗ ಏನ ಕಲ್ತಿ?” ಎಂದು ಕೇಳಿದಳು.

“ಟ್ರಾನ್ಸಿಟಿವ್ ವರ್ಬ್.”

“ಒಂದ ಹೇಳ ನೋಡೂಣು.”

“ಐ ಟಚ್ ಮೈ ಮದರ್.”

ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. “ಹಂಗಂದ್ರ?” ಎಂದಳು.

“ನಾ ನಮ್ಮ ಅವ್ವನ್ನ ಮುಟ್ತೇನಿ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಕೆಮ್ಮು ಬಂತೇನೋ ಅಂದುಕೊಂಡೆ. ಕೆಮ್ಮಲಿಲ್ಲ…

ಯುಗಾದಿ ಮುಗಿದು ವಾರಕ್ಕೆ ತೀರಿಕೊಂಡಳು. ಆಗಲೂ ನನ್ನನ್ನು ಹತ್ತಿರ ಬಿಡಲಿಲ್ಲ.

ಮಾಸ್ತರರು ತಿದ್ದುವಂಥ ತಪ್ಪು ‘ಐ ಟಚ್ ಮೈ ಮದರ್’ ಎಂಬ ಆ ವಾಕ್ಯದಲ್ಲಿ ಒಂದೂ ಇರಲಿಲ್ಲ. ತೊಂಬತ್ತೆರಡಾದರೂ ಒಂದೇ ಒಂದು ಸಲ ಅದನ್ನು ಖರೇ ಮಾಡುವ ಆಸೆ ನನಗಿನ್ನೂ ಹೋಗಿಲ್ಲ.