ಕಾಕಾನ ಪೈಪಿನ ತಂಬಾಕು

ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಎದುರು ಮನೆಯ ಕಾಕಾ ಪೈಪು ಸೇದುತ್ತಿದ್ದರು. ಹಡಗಿನ ಕೆಲಸದ ಗೆಳೆಯನೊಬ್ಬ ವರ್ಷಕ್ಕೊಂದು ಡಬ್ಬಿ ತಂಬಾಕು ತಂದುಕೊಡುತ್ತಿದ್ದ. ವೆನಿಲಾ ವಾಸನೆಯ ಆ ಎಳೆಗಳು ಹಸಿಯಾಗಿರುತ್ತಿದ್ದವು. ಕಾಕಾ ಅವನ್ನು ಟೆರೇಸಿನ ನೆರಳಲ್ಲಿ ಪೇಪರಿನ ಮೇಲೆ ಹರಡಿ, ಗಳಿಗೆಗೊಮ್ಮೆ ಚಿಟಿಕೆ ಹಿಡಿದು ಒತ್ತಿ ಬಿಡುತ್ತಿದ್ದರು. ಅದು ಮುದ್ದೆಯಾಗಬಾರದು, ಪುಡಿಯೂ ಆಗಬಾರದು, ಮೆಲ್ಲಗೆ ಬಿಚ್ಚಿಕೊಳ್ಳಬೇಕು. "ಇನ್ನೊಂದೀಟು ತಡೀಬೇಕು" ಎನ್ನುತ್ತಿದ್ದರು. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಪಾಸಾದೆ ಎಂದು ಓಡಿಹೋಗಿ ಹೇಳಿದಾಗಲೂ ಕಾಕಾ ತಂಬಾಕಿನಿಂದ ಕಣ್ಣು ತೆಗೆಯದೆಯೇ "ಶಾಬಾಸ್" ಎಂದಿದ್ದರು.

ಒಮ್ಮೆ ಇಡೀ ಡಬ್ಬಿಯನ್ನು ಹರಡಿಟ್ಟು ದಾದರಿಗೆ ಹೋದವರು, ಲೋಕಲ್ ರೈಲು ನಿಂತುಹೋಗಿ ಸಂಜೆಯವರೆಗೆ ಬರಲಿಲ್ಲ. ಅವರ ಹೆಂಡತಿ ಕಾಕು ಅದನ್ನು ತಮ್ಮ ಹಪ್ಪಳಗಳ ಪಕ್ಕ ಬಿಸಿಲಿಗೆಳೆದು, ಮಗುಚಿ ಮಗುಚಿ ಒಣಗಿಸಿದರು. ಕಾಕಾ ಬಂದು ಚಿಟಿಕೆ ಹಿಡಿದರು. ಬೆರಳಿನಿಂದ ಪುಡಿ ಉದುರಿತು.

"ಛಲೋ ಒಣಗೇತಿಲ್ಲರೀ?" ಎಂದು ಕಾಕು ಕೇಳಿದರು. ಅವರ ಮುಖ ಬಿಸಿಲಿಗೆ ಕೆಂಪಾಗಿತ್ತು.

ಕಾಕಾ ಪೈಪು ತುಂಬಿ ಹಚ್ಚಿದರು. ನಾಲಿಗೆ ಸುಟ್ಟುಕೊಂಡು, ಕೆಮ್ಮಿ, ಕಣ್ಣೊರೆಸಿಕೊಂಡು, "ಬರೋಬ್ಬರಿ ಒಣಗೇತಿ" ಎಂದರು.

"ಮತ್ತ? ನೆಳ್ಳಾಗ ಇಟ್ರ ಏನ್ ಒಣಗತೈತಿ? ನಿಮಗ ತಿಳಿಯೂದಿಲ್ಲ. ಇನ್ ಮ್ಯಾಲ ನಾನೇ ಒಣಗಸ್ತೀನಿ."

ಕಾಕಾ ಇನ್ನೊಂದು ದಮ್ಮು ಎಳೆದು, "ಆತು" ಎಂದರು.