ಐಸ್ ಫ್ಯಾಕ್ಟರಿಯ ಕೋಲ್ಡ್ ಕಾಲಿಂಗ್

ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಂಪ್ಯೂಟರು ನನ್ನ ಇಂಗ್ಲಿಷನ್ನು ಓದಿ ಮೆಚ್ಚಿದೆ. ಮನುಷ್ಯರು ಇನ್ನೂ ಮೆಚ್ಚಿಲ್ಲ. ಅವರ ಮಟ್ಟವೂ ಈಗ ಅಷ್ಟಕ್ಕಷ್ಟೆ.

ಕದ್ರಾ ಅಣೆಕಟ್ಟಿನಲ್ಲಿ ಕರೆಂಟು ಹುಟ್ಟಿಸಿ ನಿವೃತ್ತನಾಗಿ, ಕಾರವಾರದ ಪಕ್ಕದ ಶಿರವಾಡದಲ್ಲಿ ಅಕ್ಕಪಕ್ಕದವರನ್ನು ಗೋಳು ಹೊಯ್ದುಕೊಳ್ಳುತ್ತಿದ್ದ ಕಾಲ. ಅಂಕೋಲೆಯ ನನ್ನ ತಂಗಿಯ ಮಗಳು ಸುಜಾತಾ ಐಸ್ ಫ್ಯಾಕ್ಟರಿಯಲ್ಲಿ ಫೋನಿನ ಮುಂದೆ ಕೂರುತ್ತಿದ್ದಳು. ಫ್ಯಾಕ್ಟರಿ ಮುಚ್ಚಿತು. ದೀಪಾವಳಿಯೊಳಗೆ ಬೇರೆ ಕೆಲಸ ಸಿಗದಿದ್ದರೆ ಅಪ್ಪ ನೋಡಿಟ್ಟ ಗಂಡಿಗೆ ಹೂಂ ಅನ್ನಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಆ ಗಂಡನ್ನು ನಾನೂ ನೋಡಿದ್ದೆ. ಹಾಗಾಗಿ ಕೆಲಸ ಹುಡುಕಲು ನಾನೇ ಟೊಂಕ ಕಟ್ಟಿದೆ.

ಕಾರವಾರದಲ್ಲಿ ಹೊಸದಾಗಿ ತೆರೆದ ಇಂಟರ್ನೆಟ್ ಕಂಪನಿಯೊಂದಕ್ಕೆ ಸೈಬರ್ ಕೆಫೆಯಿಂದ ಸುಜಾತಾ ಅರ್ಜಿ ಕಳಿಸಿದಳು. ‘ಐಸ್ ಫ್ಯಾಕ್ಟರಿಯಲ್ಲಿ ಫೋನ್ ನೋಡಿಕೊಳ್ಳುತ್ತಿದ್ದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು, ಪಾಪ. ನಾವು ಎದುರಿಗೆ ಚಹಾ ಕುಡಿದು ಬರುವಷ್ಟರಲ್ಲಿ ಕಂಪನಿಯ ವಿಷಾದ ಬಂದು ಕೂತಿತ್ತು. ಅಷ್ಟು ಚುರುಕಾಗಿ ವಿಷಾದಪಡುವವರನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಕೆಫೆಯ ಮಾಲಕ ಗುಟ್ಟು ಹೇಳಿದ: ಅರ್ಜಿಯನ್ನು ಮೊದಲು ಓದುವುದು ಕಂಪ್ಯೂಟರಂತೆ. ಜಾಹೀರಾತಿನ ಪದಗಳು ಅರ್ಜಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಇದೇನೂ ಹೊಸತಲ್ಲ ಬಿಡಿ. ಹಳೆಯ ಶಾಸನಗಳನ್ನು ನೋಡಿ, ನಾಲ್ಕು ಹಳ್ಳಿ ಆಳಿದವನಿಗೂ ಸಾಲುಗಟ್ಟಲೆ ಬಿರುದು. ಆಗ ಕಲ್ಲಿನ ಮೇಲೆ ಕೊಚ್ಚಿಕೊಳ್ಳುತ್ತಿದ್ದರು, ಈಗ ಅದಕ್ಕೆ ರೆಸ್ಯೂಮೆ ಅನ್ನುತ್ತಾರೆ. ಕೊಚ್ಚಿಕೊಳ್ಳುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಬಾಳೆಗುಳಿಯಿಂದೀಚೆಗಂತೂ ಇಲ್ಲ. ಐಸಿಗಾಗಿ ಫೋನ್ ಮಾಡುವ ಮೀನು ಬೋಟಿನವರ ಬೈಗುಳವನ್ನು ಅವಳು ಕೇಳಿದ್ದನ್ನು ‘ಕಸ್ಟಮರ್ ರಿಲೇಶನ್ಸ್’ ಮಾಡಿದೆ. ಅವರನ್ನು ತಿರುಗಿ ಬೈದದ್ದು ‘ಲೀಡರ್‌ಶಿಪ್’ ಆಯಿತು. ಜಾಹೀರಾತಿನಲ್ಲಿ ‘ಕೋಲ್ಡ್ ಕಾಲಿಂಗ್’ ಬಲ್ಲವರು ಬೇಕೆಂದಿತ್ತು. ನನಗೆ ಆನಂದವೋ ಆನಂದ.

"ಸುಜಾತಾ, ಇದು ನಿನ್ನದೇ ಕೆಲಸ ಅಲ್ದಾ? ಐಸಿನ ಮಧ್ಯ ಕೂತ್ಕಂಡು ಫೋನ್ ಮಾಡೂದು."

"ಹೌದು ಮಾವಾ, ಸ್ವೆಟರ್ ಹಾಕ್ಕಂಡೇ ಮಾಡ್ತಿದ್ದೆ."

ಸ್ವೆಟರಿನ ವಿಷಯ ಬಿಟ್ಟು ಉಳಿದದ್ದನ್ನು ಬರೆದು, ಬೇರೆ ಇ-ಮೇಲಿನಿಂದ ಕಳಿಸಿದೆವು. ಕಂಪ್ಯೂಟರು ಸೋತಿತು, ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದ ದಿನ ಮನೆಯಲ್ಲಿ ಫಲಿತಾಂಶಕ್ಕೆ ಕಾಯುತ್ತಿದ್ದೆ. ಫೋನ್ ರಿಂಗಾಯಿತು. ಯಾರೋ ಹೆಂಗಸು, ರೇಡಿಯೋದ ಕನ್ನಡ, ಇಂಟರ್ನೆಟ್ ಬೇಕೇ ಸರ್ ಅಂದಳು. ಸಿಕ್ಕಿತು ಬಕರಾ ಎಂದು ಆಟವಾಡಿಸಲು ಕೂತೆ. ಆದರೆ ಆ ಹೆಂಗಸು, ನಿಮ್ಮ ಧ್ವನಿ ಕೇಳಿದರೆ ದೊಡ್ಡ ಇಂಜಿನಿಯರ್ ಆಗಿದ್ದವರ ಹಾಗಿದೆ, ನಿಮ್ಮಂಥವರ ಮನೆಯಲ್ಲೇ ಇಂಟರ್ನೆಟ್ ಇಲ್ಲವೆಂದರೆ ಕಾರವಾರಕ್ಕೇ ಅವಮಾನ ಅಂದಳು. ವಿದ್ಯಾವಂತ ಹೆಂಗಸು, ಸುಳ್ಳು ಹೇಳುತ್ತಾಳೆಯೇ? ಹೆಸರು, ವಿಳಾಸ ಹೇಳಿ ಒಪ್ಪಿಕೊಂಡೆ.

ಸಂಜೆ ಸುಜಾತಾ ನಗುತ್ತ ಬಂದಳು. ಕೋಲ್ಡ್ ಕಾಲಿಂಗ್ ಅಂದರೆ ಗುರುತಿಲ್ಲದವರಿಗೆ ಫೋನ್ ಮಾಡಿ ಮಾಲು ಮಾರುವುದಂತೆ. ಐಸಿನ ಕತೆ ಕೇಳಿ ಸಾಹೇಬರು ನಕ್ಕು, ಹಾಗಾದರೆ ಈಗಲೇ ಯಾರಿಗಾದರೂ ಮಾರಿ ತೋರಿಸು ಎಂದು ರಿಸೀವರ್ ಕೈಗೆ ಕೊಟ್ಟರಂತೆ.

"ನಂಗೆ ಬಾಯಿಪಾಠ ಇರೂದು ನಿನ್ನ ನಂಬರೊಂದೇ ಮಾವಾ," ಅಂದಳು. "ಹೊಗಳಿದ್ರೆ ನೀ ಎಂತದೂ ತಕಂತೆ ಅಂತ್ಲೂ ಗೊತ್ತಿತ್ತು."

ಅವಳಿಗೆ ಕೆಲಸ ಸಿಕ್ಕಿತು, ಆ ಗಂಡಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ನಮ್ಮ ಮನೆಗೆ ಇಬ್ಬರು ಬಂದು ಗೋಡೆ ಕೊರೆದು, ಜಗಲಿಯುದ್ದಕ್ಕೂ ತಂತಿ ಎಳೆದು ಹೋದರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ತಂತಿಯ ಮೇಲೆ ನನ್ನ ಪಂಚೆ ಒಣಗುತ್ತದೆ. ಏನಿದು ಎಂದು ಕೇಳಿದವರಿಗೆ ಗಂಭೀರವಾಗಿ ಹೇಳುತ್ತೇನೆ: ನೆಟ್‌ವರ್ಕಿಂಗ್.