ಮುಳ್ಳು ಮುಚ್ಚಿದ ಬಾವಿ

ಕೂಡ್ಲಿಗಿ ಕಡೆಯ ನಮ್ಮೂರಲ್ಲಿ ಕೆಂಚಕ್ಕನ ಬಾಯಿಗೆ ಎದುರಾಡುವವರಿರಲಿಲ್ಲ. ಹಳ್ಳಕ್ಕೆ ಒಡ್ಡು ಹಾಕಿ ಇಂಗುಕೆರೆ ಮಾಡುತ್ತೇವೆ, ನಿಮ್ಮ ಹೊಲ ಬಿಟ್ಟುಕೊಡಿ ಎಂದು ಜಲಾನಯನ ಯೋಜನೆಯವರು ಬಂದಾಗ ಆಕೆ ಅವರನ್ನು ಕೂರಲೂ ಬಿಡಲಿಲ್ಲ.

“ನಿಂತ ನೀರು ನೆಲದಾಗ ಇಳಿದು ಬಾವಿಗೆ ಬರ್ತೈತಂತ! ಯಾರ ಕಿವಿಗೆ ಹೂ ಇಡ್ತೀರಿ? ಬತ್ತಿದ ನನ್ನ ಬಾವಿಗೆ ಒಂದು ಹನಿ ಬಂದ್ರ ನನ್ನ ಅರ್ಧ ತಲಿ ಬೋಳಿಸ್ರಿ!”

ಇಡೀ ಓಣಿ ಕೇಳಿಸಿಕೊಂಡಿತು. ಕೊನೆಗೆ ಹೊಲ ಕೊಟ್ಟವಳು ಹಳ್ಳದ ಮೇಲ್ಗಡೆಯ ಕರಿಯಕ್ಕ. ಒಳ್ಳೆಯ ನೆಲವೆಲ್ಲ ಕೆರೆಗೆ ಹೋಗಿ, ಅವಳಿಗೆ ಉಳಿದದ್ದು ದಿಬ್ಬದ ಮೇಲಿನ ಕಲ್ಲುಭೂಮಿ. ಬುದ್ಧಿಗೇಡಿ ಎಂದು ಕೆಂಚಕ್ಕ ಊರೆಲ್ಲ ಆಡಿಕೊಂಡಳು.

ಎರಡು ಸಾವಿರದ ಎರಡರಲ್ಲಿ ಬರ ಬಿತ್ತು. ಆ ವರ್ಷ ಬಂದ ಒಂದೇ ಜೋರು ಮಳೆಯನ್ನು ಇಂಗುಕೆರೆ ಹಿಡಿದಿಟ್ಟುಕೊಂಡಿತು. ಮುಂದಿನ ಬೇಸಿಗೆಯಲ್ಲಿ ಅದರ ಕೆಳಗಿನ ಬಾವಿಗಳಿಗೆಲ್ಲ ಜೀವ ಬಂದು, ಅವರವರ ಮೆಣಸಿನ ಗಿಡಗಳು ಹಸಿರಾಗಿ ನಿಂತವು. ಒಂದು ಮುಂಜಾನೆ ಕೆಂಚಕ್ಕ ತನ್ನ ಬಾವಿಗೆ ಬಗ್ಗಿದರೆ ನೀರಿನಲ್ಲಿ ತನ್ನದೇ ಮುಖ ಕಂಡಿತು. ನಾಚಿಕೆಯಿಂದ ಆಕೆಯ ಮೈ ಹಿಡಿಯಾಯಿತು. ಬಾವಿಯ ಬಾಯಿಗೆ ಜಾಲಿಮುಳ್ಳು ಮುಚ್ಚಿ, “ನಮ್ಮದರಾಗ ಇಲ್ಲಬಿಡು” ಎನ್ನತೊಡಗಿದಳು. ನೀರು ಹಾಯಿಸಿದರೆ ಗುಟ್ಟು ರಟ್ಟಾಗುತ್ತದಲ್ಲ, ತನ್ನ ಮೆಣಸಿನ ಗಿಡಗಳನ್ನು ಬಾಡಲು ಬಿಟ್ಟಳು. ಅಂಥ ಹೆಣ್ಣು!

ಓಣಿಯ ಬೋರಿಂಗು ಕೆಟ್ಟ ದಿನ, ಹತ್ತಿರದ ಬಾವಿ ಇದೊಂದೇ ಎಂದು ಕರಿಯಕ್ಕ ಖಾಲಿ ಬಿಂದಿಗೆ ಹಿಡಿದು ಬಂದಳು.

“ಕೆಂಚಕ್ಕ, ಒಂದು ಕೊಡ ನೀರು ಸಿಗತೈತೇನು?”

“ಎಲ್ಲೈತಿ? ವಟಗುಟ್ಟಾಕ ಒಂದು ಕಪ್ಪಿ ಸೈತ ಇಲ್ಲ.”

ಕರಿಯಕ್ಕ ಬಂದ ದಾರಿಗೇ ತಿರುಗಿದಳು. ಆ ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಹೊಲವನ್ನೇ ಕೊಟ್ಟವಳು ಖಾಲಿ ಕೊಡದೊಂದಿಗೆ ಹೋಗುತ್ತಿದ್ದಳು. ಕೆಂಚಕ್ಕನಿಗೆ ನೋಡಲಾಗಲಿಲ್ಲ. “ನಿಲ್ಲಲೇ!” ಎಂದು ಕೂಗಿ, ಬರಿಗೈಯಲ್ಲೇ ಮುಳ್ಳು ಎಳೆದು ಹಾಕಿದಳು. ಬೈಗುಳಕ್ಕೆ ಕಾದು ನಿಂತಳು.

ಕರಿಯಕ್ಕ ಬಗ್ಗಿ ಬಹಳ ಹೊತ್ತು ನೋಡಿದಳು. ಅವಳ ಮುಖ ಅರಳಿತು.

“ನನ್ನ ಹೊಲ ಹಾಳಾಗಿ ಹೋತಂತ ಮಾಡಿದ್ದೆ. ಇಲ್ಲಿ ಐತಲ್ಲ!”

ಬೈದಿದ್ದರೆ ಕೆಂಚಕ್ಕ ತಡೆದುಕೊಳ್ಳುತ್ತಿದ್ದಳು. ನೀರು ಸೇದಿ, ತಾನೇ ತಲೆಯ ಮೇಲೆ ಬಿಂದಿಗೆ ಹೊತ್ತು ಕರಿಯಕ್ಕನ ಮನೆಯತ್ತ ನಡೆದಳು. ಕಟ್ಟೆಯ ಮೇಲಿದ್ದ ಮಂದಿ, “ಬಾವ್ಯಾಗ ನೀರು ಬಂತೇನಬೇ?” ಎಂದರು.

“ಬಂತು. ಕರಿಯಕ್ಕನ ನೀರು.”

ತಲೆ ತಗ್ಗಿಸೋಣವೆಂದರೆ ತುಂಬಿದ ಬಿಂದಿಗೆ ಬಿಡಲಿಲ್ಲ. ಓಣಿಯುದ್ದಕ್ಕೂ ಎಲ್ಲರಿಗೂ ಮುಖ ತೋರಿಸುತ್ತಲೇ ನಡೆದಳು.